ಕುಷಾಯಿಗೂಡದಲ್ಲಿ ಅಭ್ಯಾಸ

ಹೈದರಾಬಾದಿಗೆ ಬಂದು ಮೂರು ವಾರವಾದ ಮೇಲೆ ನನಗೆ ಅರ್ಥವಾಗದೆ ಹೋದ ಭಾಷೆ ಕನ್ನಡ. ತೆಲುಗು ಬರುವುದಿಲ್ಲವೆಂಬುದು ಮಂಡ್ಯದಲ್ಲಿ ರೈಲು ಹತ್ತುವಾಗಲೇ ಗೊತ್ತಿತ್ತು, ಅದಕ್ಕೆ ಸಿದ್ಧಳಾಗಿದ್ದೆ. ಆದರೆ ಕುಷಾಯಿಗೂಡದ ಒಂದು ಮನೆಯ ಬಾಗಿಲಲ್ಲಿ ನಿಂತ ಹೆಂಗಸು ಅಚ್ಚ ಕನ್ನಡದಲ್ಲಿ ನನ್ನನ್ನು ಕರೆದಾಗ ನಾನು ಸುಮ್ಮನೆ ನಗುತ್ತಾ ನಿಂತುಬಿಟ್ಟೆ.

"ಲಗೂನ ಒಳಗ ಬರ್ರಿ ಮೇಡಮ್ಮಾರ, ಝಳಾ ಭಾಳ ಐತಿ."

ಲಗೂನ ಎಂದರೆ ಬೇಗ. ಅದು ತಿಳಿದದ್ದು ಆಮೇಲೆ. ನಾನು ಅಲ್ಲಾಡದ್ದನ್ನು ನೋಡಿ ಆಕೆ ನಕ್ಕರು. "ಕನ್ನಡದವರು ಬರ್ತಾರ ಅಂದಿದ್ರು. ನೀವು ತೆಲುಗು ಮಂದಿ ಏನ್ರಿ ಮತ್ತ?"

ಆಕೆಯ ಹೆಸರು ಮಹಾದೇವಿ. ಮುಧೋಳದ ಕಡೆಯವರು. ಗಂಡ ಹವಾಲ್ದಾರ್, ಉತ್ತರದ ಗಡಿಯಲ್ಲಿದ್ದರು. ಅಣ್ಣ ಇಲ್ಲಿನ ದೊಡ್ಡ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದುದರಿಂದ ಮಗಳು ಪವಿತ್ರಾಳೊಂದಿಗೆ ಅಣ್ಣನ ಮನೆಯ ಪಕ್ಕದಲ್ಲೇ ಬಾಡಿಗೆಗಿದ್ದರು. ಸೈನಿಕರ ಮಕ್ಕಳ ಮನಸ್ಸಿಗೆ ಬೀಳುವ ಪೆಟ್ಟನ್ನೂ ಆ ಪೆಟ್ಟಿನಿಂದ ಅವರು ಚೇತರಿಸಿಕೊಳ್ಳುವ ಬಗೆಯನ್ನೂ ಅಳೆಯುವ ಒಂದು ಅಧ್ಯಯನದಲ್ಲಿ ನನಗೆ ಕೆಲಸ ಸಿಕ್ಕಿತ್ತು. ತೆಲುಗು, ಹಿಂದಿ ಮನೆಗಳಿಗೆ ಬೇರೆಯವರಿದ್ದರು. ಕನ್ನಡದ ಮನೆಗಳಿಗೆ ನಾನು. ಇಂಗ್ಲಿಷಿನ ಪ್ರಶ್ನಾವಳಿಯನ್ನು ಕನ್ನಡಕ್ಕೆ ತಂದವಳೂ ನಾನೇ.

ಅಧ್ಯಯನದ ಕಚೇರಿ ದೂರವಿದ್ದರೂ ನಾನೂ ಕುಷಾಯಿಗೂಡದಲ್ಲೇ, ಒಂದು ಮನೆಯ ಮಹಡಿಯ ಮೇಲೆ ಕೋಣೆ ಹಿಡಿದಿದ್ದೆ. ಕೋಣೆ ತೋರಿಸಿದ ದಿನ ಓನರ್ ಆಂಟಿ "ಮೀರೆವರಮ್ಮಾ?" ಎಂದು ಕೇಳಿದರು. ನೀವು ಯಾರು ಎಂದು ಅರ್ಥ. ನಾನು ಹೆಸರು ಹೇಳಿದೆ, ಓದಿದ್ದನ್ನು ಹೇಳಿದೆ, ಊರು ಹೇಳಿದೆ. ಆಕೆ ಮತ್ತೆ ಅದನ್ನೇ ಕೇಳಿದರು. ಮೂರನೆಯ ಸಲಕ್ಕೆ ಕೇಳಿದ್ದು ಜಾತಿ ಎಂದು ಹೊಳೆಯಿತು. ನಮ್ಮಲ್ಲಿ ಇದನ್ನು ಕೇಳುವುದಿಲ್ಲವೆಂದು ನಾನು ಹೇಳಲಾರೆ. ನಮ್ಮಲ್ಲಿ "ನಿಮ್ಮ ಕಡೆ ಹಬ್ಬಕ್ಕೆ ಏನು ಮಾಡ್ತೀರಿ" ಎಂದು ಸುತ್ತಿ ಬಳಸಿ ಕೇಳುತ್ತಾರೆ, ಇಲ್ಲಿ ನೇರವಾಗಿ. ಮೊದಲ ದಿನ ಆಕೆಯೇ ಕೊಟ್ಟ ಪಚ್ಚಡಿಯನ್ನು ನಮ್ಮ ಮನೆಯ ಮೊಸರಿನ ಪಚಡಿಯೆಂದುಕೊಂಡು ದೊಡ್ಡ ತುತ್ತು ಬಾಯಿಗಿಟ್ಟೆ. ಇಲ್ಲಿ ಪಚ್ಚಡಿ ಎಂದರೆ ಮೆಣಸಿನಕಾಯಿ ಅರೆದ ಚಟ್ನಿ. ಒಂದೇ ಹೆಸರು ಊರು ಬದಲಾದರೆ ಬಾಯಿ ಸುಡಬಹುದು. ಆ ಪಾಠವನ್ನು ಊಟದ ತಟ್ಟೆಯಲ್ಲಿ ಕಲಿತೆ, ಕೆಲಸದಲ್ಲಿ ಕಲಿಯಲಿಲ್ಲ.

ಪವಿತ್ರಾಳಿಗೆ ಹತ್ತು ವರ್ಷ. ಕುರ್ಚಿಯ ತುದಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದಳು. ಅವತ್ತು ಭಾನುವಾರವಾದರೂ ಶಾಲೆಯ ಕಪ್ಪು ಬೂಟು ಹಾಕಿದ್ದಳು, ಮನೆಯೊಳಗೇ. ಒಲೆಯ ಮೇಲೆ ತೆರೆದ ಪಾತ್ರೆಯಲ್ಲಿ ಅನ್ನ ಬೇಯುತ್ತಿತ್ತು. ಕುಕ್ಕರಿಲ್ಲದೆ ಗಂಜಿ ಬಸಿದು ಅನ್ನ ಮಾಡುವವರು ಇನ್ನೂ ಇದ್ದಾರಲ್ಲ ಎಂದು ನನಗೆ ಮೆಚ್ಚುಗೆಯಾಯಿತು. ನಾನು ಒಂದೊಂದೇ ಹೇಳಿಕೆ ಓದಿದೆ. ಅವಳು ಹೌದು, ಕೆಲವು ಸಲ, ಇಲ್ಲ, ಈ ಮೂರರಲ್ಲಿ ಒಂದನ್ನು ಆರಿಸಬೇಕಿತ್ತು.

"ಅಪ್ಪ ಮನೆಯಲ್ಲಿ ಇಲ್ಲದಾಗಲೂ ನನ್ನ ದಿನನಿತ್ಯದ ಅಭ್ಯಾಸಗಳು ಮೊದಲಿನಂತೆಯೇ ನಡೆಯುತ್ತವೆ."

"ಹೂಂನ್ರಿ. ಭಾಳ ಛಲೋ ನಡಿತಾವು."

"ಮಲಗುವ ಮುಂಚಿನ ನನ್ನ ಅಭ್ಯಾಸಗಳು ಬದಲಾಗಿಲ್ಲ."

"ಇಲ್ರಿ, ದಿನಾ ಮಾಡೇ ಮಲಗ್ತೀನ್ರಿ."

ಎರಡಕ್ಕೂ ಪೂರ್ತಿ ಅಂಕ ಹಾಕಿದೆ. ಮಹಾದೇವಿ ಚಹಾ ತರುತ್ತಾ ಏನೇನೋ ಹೇಳಿದರು. ಅರ್ಧ ಹಿಡಿಯಲಿಲ್ಲ. ಮತ್ತೊಮ್ಮೆ ಹೇಳಿ ಎನ್ನಲು ಸಂಕೋಚ. ಕನ್ನಡದವಳಾಗಿ ಕನ್ನಡ ತಿಳಿಯಲಿಲ್ಲವೆಂದು ಹೇಗೆ ಹೇಳುವುದು? ತಲೆಯಾಡಿಸಿದೆ. ನಮೂನೆಯ ಕೊನೆಯಲ್ಲಿ, ನಾನು ಗಮನಿಸಿದ್ದನ್ನು ಬರೆಯುವ ಜಾಗದಲ್ಲಿ, "ಶಿಸ್ತಿನ ಹುಡುಗಿ" ಎಂದು ಬರೆದೆ. ಬೂಟಿನಿಂದಾಗಿ.

ಒಂದು ಮಟ್ಟಕ್ಕಿಂತ ಕಡಿಮೆ ಅಂಕ ಬಂದ ಮಕ್ಕಳನ್ನು ಆಪ್ತಸಲಹೆಗೆ ಕಳಿಸುವುದು ನಮ್ಮ ನಿಯಮ. ಪವಿತ್ರಾ ಆ ಗೆರೆಯನ್ನು ಕೂದಲೆಳೆಯಷ್ಟರಲ್ಲಿ ದಾಟಿದ್ದಳು. ಅವಳ ಹೆಸರಿನ ಮುಂದೆ "ಚೇತರಿಕೆ ಉತ್ತಮ" ಎಂದು ಬಿತ್ತು.

ಎರಡು ತಿಂಗಳ ಮೇಲೆ ತರಕಾರಿ ಅಂಗಡಿಯಲ್ಲಿ ಮಹಾದೇವಿ ಸಿಕ್ಕರು. ಮುಖ ಇಳಿದಿತ್ತು. ಆ ಹೊತ್ತಿಗೆ ನನ್ನ ಕಿವಿ ಅವರ ಮಾತಿಗೆ ಪಳಗಿತ್ತು. ಪವಿತ್ರಾ ಹೇಗಿದ್ದಾಳೆ ಎಂದು ಕೇಳಿ, ಸೌಜನ್ಯಕ್ಕೆಂದು "ಅಭ್ಯಾಸ ಎಲ್ಲ ಮೊದಲಿನ ಹಾಗೇ ಇದೆಯಲ್ಲ" ಎಂದೆ.

"ಅಭ್ಯಾಸಕ್ಕೇನಾಗೇತ್ರಿ ಧಾಡಿ! ಅಭ್ಯಾಸದಾಗ ಶಾಣ್ಯಾಕಿನ ಅದಾಳ. ಕ್ಲಾಸಿಗೇ ಫಸ್ಟ್. ಉಣ್ಣಾಕ ಒಲ್ಲೆ ಅಂತಾಳಲ್ರಿ, ಅದಕ್ಕೇನ್ ಮಾಡ್ಲಿ? ಮಲಗೂ ಮುಂದನೂ ಬೂಟ ಬಿಚ್ಚಂಗಿಲ್ಲ. ಅವತ್ತ ನಿಮಗ ಎಲ್ಲಾ ಹೇಳಿದ್ನಲ್ಲ, ಹೂಂ ಹೂಂ ಅಂದ್ರಿ."

ಕೈಯಲ್ಲಿದ್ದ ಬದನೆಕಾಯಿಯನ್ನು ಹಾಗೆಯೇ ಕೆಳಗಿಟ್ಟೆ. ಅವರ ಕಡೆ ಅಭ್ಯಾಸ ಎಂದರೆ ಓದು. ನಾವು ಅಭ್ಯಾಸ ಎನ್ನುವುದಕ್ಕೆ ಅವರು ರೂಢಿ ಎನ್ನುತ್ತಾರೆ. ನಾನು ಕೇಳಿದ್ದು ಊಟ, ನಿದ್ದೆ, ಆಟಗಳ ವಿಷಯ. ಮಗು ಉತ್ತರ ಕೊಟ್ಟದ್ದು ಪುಸ್ತಕದ ವಿಷಯ.

ಆಕೆ ಅಂದು ಹೇಳಿದ್ದನ್ನು ಇನ್ನೊಮ್ಮೆ ಹೇಳಿಸಿಕೊಂಡೆ. ಗಂಡ ರಜೆಗೆ ಬಂದದ್ದು ಜೊತೆಯ ಇಬ್ಬರನ್ನು ಕಣ್ಣೆದುರು ಕಳೆದುಕೊಂಡ ಮೇಲೆ. ಒಂದು ಬೆಳಿಗ್ಗೆ ಕುಕ್ಕರ್ ಸೀಟಿ ಹೊಡೆದಾಗ ಮಗಳನ್ನು ಎಳೆದು ಮಂಚದ ಕೆಳಗೆ ನೂಕಿ, ಮೇಲೆ ಅಡ್ಡ ಮಲಗಿದ್ದರಂತೆ. "ನಾ ಓಡು ಅಂದ ಕೂಡ್ಲೆ ಓಡಬೇಕು" ಎಂದಿದ್ದರಂತೆ. ರಜೆ ಮುಗಿದು ಅವರು ಗಡಿಗೆ ಮರಳಿದರು. ಓಡು ಎಂದು ಅವರು ಹೇಳಲೇ ಇಲ್ಲ. ಮಗು ಬೂಟು ಹಾಕಿಕೊಂಡು ಇನ್ನೂ ಕಾಯುತ್ತಿತ್ತು. ಕುಕ್ಕರ್ ಅಟ್ಟ ಸೇರಿತ್ತು.

ನಾನು ಮೆಚ್ಚಿದ್ದು ಆ ತೆರೆದ ಪಾತ್ರೆಯನ್ನು.

ಇಂಥ ತಪ್ಪು ಆಗದಿರಲೆಂದೇ ಒಂದು ಪರೀಕ್ಷೆಯಿದೆ. ಮೂಲ ನೋಡದವರೊಬ್ಬರು ನಮ್ಮ ಕನ್ನಡವನ್ನು ತಿರುಗಿ ಇಂಗ್ಲಿಷಿಗೆ ತರಬೇಕು, ಎರಡೂ ಹೊಂದಬೇಕು. ಹೊಂದಿದ್ದವು. ತಿರುಗಿ ತಂದವಳು ನನ್ನ ಜೊತೆಗೆ ಓದಿದ ಮೈಸೂರಿನ ಗೆಳತಿ. ಮಂಡ್ಯದ ಅರಕೇಶ್ವರದ ಬೀದಿಯವಳ ಕನ್ನಡವನ್ನು ಮೈಸೂರಿನ ಅಗ್ರಹಾರದ ಬೀದಿಯವಳು ಸರಿಯೆಂದರೆ ಮುಧೋಳದ ಮಗುವಿಗೇನು ಬಂತು?

ಮರುದಿನ ಅಧ್ಯಯನದ ಮುಖ್ಯಸ್ಥೆಯ ಮುಂದೆ ನಿಂತೆ. ಕೆಟ್ಟವರಲ್ಲ. ನನಗೆ ಕುರ್ಚಿ ತೋರಿಸಿ ಪೂರ್ತಿ ಕೇಳಿಸಿಕೊಂಡರು.

"ಡೇಟಾ ಲಾಕ್ ಆಗಿದೆ" ಎಂದರು. "ಇನ್ನು ತಿದ್ದುವಂತಿಲ್ಲ. ಒಂದು ಭಾಷೆಯಲ್ಲಿ ಎರಡು ಹೇಳಿಕೆ ಬದಲಿಸಿದರೆ ಉಳಿದ ಎರಡು ಭಾಷೆಗಳ ಜೊತೆ ಹೋಲಿಸುವುದು ಹೇಗೆ? ಮಿತಿಗಳು ಅನ್ನೋ ಭಾಗದಲ್ಲಿ ಒಂದು ಸಾಲು ಸೇರಿಸಿ."

"ಆ ಹುಡುಗಿಯನ್ನಾದರೂ ಸಲಹೆಗೆ ಕಳಿಸಬಹುದಲ್ಲ, ಮೇಡಂ?"

"ಸಲಹೆಗೆ ಇರುವ ಜಾಗ ಇಷ್ಟೇ. ಅಂಕ ಬಂದವರನ್ನು ಕಳಿಸಿದರೆ, ಬಾರದ ಯಾರನ್ನು ಪಟ್ಟಿಯಿಂದ ತೆಗೆಯಲಿ? ನೀವೇ ಹೇಳಿ." ಆಮೇಲೆ ಸಮಾಧಾನಕ್ಕೆಂಬಂತೆ ನಕ್ಕರು. "ಬೇಜಾರು ಮಾಡ್ಕೋಬೇಡಿ. ಮೂರರಲ್ಲಿ ನಿಮ್ಮ ಕನ್ನಡದ ಮಕ್ಕಳದ್ದೇ ಬೆಸ್ಟ್ ಫಲಿತಾಂಶ."

ಆ ಮಾತು ವರದಿಯಲ್ಲಿಯೂ ಇದೆ. ಕನ್ನಡ ಮನೆಗಳ ಮಕ್ಕಳಲ್ಲಿ ಚೇತರಿಸಿಕೊಳ್ಳುವ ಶಕ್ತಿ ಹೆಚ್ಚು, ಅದಕ್ಕೆ ಒಕ್ಕಲುತನದ ಹಿನ್ನೆಲೆ, ಗಟ್ಟಿಯಾದ ಬಂಧುಬಳಗ ಕಾರಣವಿರಬಹುದು ಎಂದು ಒಂದು ಪುಟ ವಿವರಣೆಯೂ ಇದೆ. ನನ್ನ ಒಂದು ಸಾಲು "ಕೆಲವು ಪದಗಳ ಬಳಕೆಯಲ್ಲಿ ಪ್ರಾದೇಶಿಕ ವ್ಯತ್ಯಾಸ ಇರಬಹುದು" ಎಂದಾಗಿ ಪುಟದಡಿಗೆ ಇಳಿದಿದೆ. ನನ್ನ ಹೆಸರೂ ಇದೆ. ಊರಿನಲ್ಲಿ ಅಪ್ಪ ಅದನ್ನು ನಾಲ್ಕು ಜನಕ್ಕೆ ತೋರಿಸಿದ್ದಾರೆ.

ಮಹಾದೇವಿಗೆ ಎಲ್ಲವನ್ನೂ ಹೇಳಿದೆ, ಯಾವುದನ್ನೂ ಬಿಡದೆ. ಆಕೆ ಬೈಯಲಿಲ್ಲ.

"ನಿಮ್ಮ ಮಾತು ನಮಗ ತಿಳೀಲಿಲ್ಲ, ನಮ್ಮ ಮಾತು ನಿಮಗ ತಿಳೀಲಿಲ್ಲ" ಎಂದರು. "ಕನ್ನಡದವರು ಸಿಕ್ಕರು ಅಂತ ಇಬ್ರೂ ಖುಷಿ ಆಗಿದ್ವಿ ನೋಡ್ರಿ."

ತಾಯಿ ಮಗಳನ್ನು ಸರ್ಕಾರಿ ಆಸ್ಪತ್ರೆಯೊಂದಕ್ಕೆ ಎರಡು ಸಲ ಕರೆದುಕೊಂಡು ಹೋದೆ. ವೈದ್ಯರಿಗೆ ತೆಲುಗು, ಹಿಂದಿ ಬರುತ್ತಿತ್ತು. ಶಾಲೆಯಲ್ಲಿ ಕಲಿತ ತೆಲುಗಿನಲ್ಲಿ ಪವಿತ್ರಾ "ಬಾಗುನ್ನಾನು" ಎಂದಳು. ಚೆನ್ನಾಗಿದ್ದೇನೆ. ಎಲ್ಲ ಪ್ರಶ್ನೆಗೂ ಅದೇ. ವೈದ್ಯರು ಅದನ್ನೇ ಬರೆದುಕೊಂಡು ಕಳಿಸಿದರು. ಅಂಥ ಉತ್ತರಕ್ಕೆ ಅಂಕ ಹಾಕಿದವಳು ನಾನು, ಅವರನ್ನು ದೂರುವ ಬಾಯಿ ನನಗಿಲ್ಲ.

ಅಧ್ಯಯನಕ್ಕೆ ಒಳಪಟ್ಟ ಮನೆಯವರೊಂದಿಗೆ ಆಮೇಲೆ ಒಡನಾಟ ಇಟ್ಟುಕೊಳ್ಳಬಾರದೆಂದು ನಾನು ಸಹಿ ಹಾಕಿದ್ದೇನೆ. ಈಗ ಭಾನುವಾರ ಬೆಳಿಗ್ಗೆ ಪವಿತ್ರಾ ಪುಸ್ತಕದ ಚೀಲ ಹೊತ್ತು ನನ್ನ ಕೋಣೆಗೆ ಬರುತ್ತಾಳೆ. ನಾನು ಆಪ್ತಸಲಹೆಗಾರಳಲ್ಲ. ಅವಳೊಂದಿಗೆ ಗಣಿತ ಮಾಡುತ್ತೇನೆ. ಊರಿನಿಂದ ನನ್ನಮ್ಮ ಕೊಟ್ಟು ಕಳಿಸಿದ್ದ ಕುಕ್ಕರನ್ನು ಮಂಚದ ಕೆಳಗಿನ ಟ್ರಂಕಿಗೆ ಹಾಕಿಟ್ಟಿದ್ದೇನೆ. ನನ್ನ ಅನ್ನವೂ ತೆರೆದ ಪಾತ್ರೆಯಲ್ಲೇ ಬೇಯುತ್ತದೆ, ಹೆಚ್ಚಿನ ದಿನ ತಳ ಹಿಡಿಯುತ್ತದೆ. "ಬೂಟ್ಲು ಬಯಟ ವಿಪ್ಪಮನಮ್ಮಾ" ಎಂದು ಓನರ್ ಆಂಟಿ ಮೆಟ್ಟಿಲ ಬುಡದಿಂದ ಕೂಗುತ್ತಾರೆ. ಬೂಟು ಹೊರಗೆ ಬಿಡಲು ಹೇಳು ಎಂದು. ನಾನು ಹೇಳುವುದಿಲ್ಲ. ಅವಳು ಹೋದ ಮೇಲೆ ನೆಲ ಒರೆಸುತ್ತೇನೆ.

ಕಳೆದ ಭಾನುವಾರ ಅವಳಿದ್ದಾಗಲೇ ಅಮ್ಮನ ಫೋನು ಬಂತು. ಕೈಯೆಲ್ಲ ಗಂಜಿಯಾಗಿತ್ತು, ಸ್ಪೀಕರಿಗೆ ಹಾಕಿದೆ. ಬಂದ ದಿನದಿಂದ ಅಮ್ಮನದು ಒಂದೇ ಪ್ರಶ್ನೆ, ಈ ಊರು ಹಿಡಿಸಿತೇ, ಒಗ್ಗಿತೇ ಎಂದು. ಇಷ್ಟು ದಿನ ಹೂಂ ಎಂದು ಮುಗಿಸುತ್ತಿದ್ದೆ.

"ಅಭ್ಯಾಸ ಆಯ್ತಾ ಮಗ?"

ನಾನು ಬಾಯಿ ತೆರೆಯುವ ಮೊದಲೇ ಪವಿತ್ರಾ ನೋಟ್‌ಬುಕ್ಕಿನಿಂದ ತಲೆಯೆತ್ತಿ, ದೊಡ್ಡವರಿಗೆ ಕೊಡುವ ಮರ್ಯಾದೆಯಲ್ಲಿ ಫೋನಿನ ಕಡೆ ತಿರುಗಿದಳು.

"ಇನ್ನೂ ಆಗಿಲ್ರಿ. ಎರಡು ಲೆಕ್ಕ ಉಳದಾವ್ರಿ."

"ಯಾರೇ ಅದು? ಏನಂತೆ?" ಎಂದರು ಅಮ್ಮ.

"ಸರಿಯಾಗೇ ಹೇಳಿದಾಳೆ ಕಣಮ್ಮ" ಎಂದೆ. "ಇನ್ನೂ ಆಗಿಲ್ಲ."