‘ಬರೊಡ್ಚಿ’ ಎಂಬ ಒಂದು ಶಬ್ದ

1987ರಲ್ಲಿ ನಾನು ಆರನೇ ಕ್ಲಾಸಿಗೇ ಶಾಲೆ ಬಿಟ್ಟೆ. ಕೈಗೆ ಹಾರೆ ಬಂತು. ಅಂದಿನಿಂದ ಬಾವಿ ತೋಡುವುದೇ ಕೆಲಸ. ನನ್ನ ಕನ್ನಡ ಪೇಪರ್ ಓದಿ ಓದಿ ಕಲಿತದ್ದು; ಈಗ ಪೇಪರಿಗೆ ಅಂಕಣವನ್ನೂ ಬರೆಯುತ್ತೇನೆ. (ಹೆಮ್ಮೆ ಅಂತ ಬೇಕಾದರೆ ತಿಳಿದುಕೊಳ್ಳಿ.) ಹಾಗಾಗಿ ಕಳೆದ ಆದಿತ್ಯವಾರ ತಮ್ಮನ ಹೆಂಡತಿ ಒಂದು ಹಾಳೆ ಹಿಡಿದು ಮೆಲ್ಕಾರಿನ ನಮ್ಮ ಮನೆಗೆ ಬಂದಾಗ, ತಿದ್ದಲು ಪೆನ್ ತೆಗೆದುಕೊಂಡೇ ಕುಳಿತೆ.

ತಮ್ಮ ಹೋಗಿ ಮೂರು ವರ್ಷ. ಬೆಳ್ತಂಗಡಿ ಕಡೆ ಒಂದು ಬಾವಿಗೆ ಸಿಮೆಂಟ್ ರಿಂಗ್ ಇಳಿಸುವಾಗ ಮಣ್ಣು ಕುಸಿಯಿತು. ಅವನು ಕೆಳಗೆ, ನಾನು ಮೇಲೆ.

ಅಂದಿನಿಂದ ಇವಳು ಬೀಡಿ ಕಟ್ಟುತ್ತಾಳೆ, ಅಡುಗೆ ಮಾಡುತ್ತಾಳೆ. ಅವನ ಸುದ್ದಿ ಎತ್ತುವುದಿಲ್ಲ. ನಿದ್ದೆಯೂ ಇಲ್ಲ. ಮೂಡುಬಿದಿರೆಯಲ್ಲಿ ಮಹಿಳಾ ಸಂಘದ ಕಾರ್ಯಕ್ರಮಕ್ಕೆ ಹೋದಾಗ ಯಾರೋ ಮೇಡಂ ಹೇಳಿದರಂತೆ: ನೋವನ್ನು ಬರೆಯಿರಿ, ಸಾಹಿತ್ಯ ಹುಟ್ಟಿದ್ದೇ ಹಾಗೆ, ಮನಸ್ಸು ಹಗುರವಾಗುತ್ತದೆ.

ಓದಿದೆ. ‘ನನ್ನ ಪತಿಯವರು ಅಕಾಲಿಕ ಮರಣಕ್ಕೆ ತುತ್ತಾದರು. ಅಂದು ಬೆಳಿಗ್ಗೆ ನಮ್ಮೊಳಗೆ ಸಣ್ಣ ಭಿನ್ನಾಭಿಪ್ರಾಯ ಉಂಟಾಗಿತ್ತು.’

‘ಉಂಟಾಗಿತ್ತು’ ಹೊಡೆದು ‘ತಲೆದೋರಿತ್ತು’ ಎಂದು ತಿದ್ದಿದೆ. ಚೆಂದ ಕಂಡಿತು.

“ಈಗ ಸರಿ ಆಯ್ತು ನೋಡು.”

“ಸರಿ ಆಯ್ತು ಬಾವ. ಬೇರೆ ಯಾರದ್ದೋ ಗಂಡ ಸತ್ತ ಹಾಗೆ ಉಂಟು.”

ಪೆನ್ ಕೆಳಗಿಟ್ಟೆ. “ಭಿನ್ನಾಭಿಪ್ರಾಯ ಅಂದ್ರೆ ಎಂತ ಮಾರಾಯ್ತಿ? ನಿಜಕ್ಕೂ ಎಂತ ಹೇಳಿದ್ದು ನೀನು?”

ನಮ್ಮ ತುಳುವಿನಲ್ಲಿ ಮನೆಯಿಂದ ಹೊರಡುವವರು ‘ಪೋದು ಬರ್ಪೆ’ ಅನ್ನುತ್ತಾರೆ, ಹೋಗಿ ಬರುತ್ತೇನೆ ಅಂತ. ತಮ್ಮನೂ ಅಂದನಂತೆ. ಸಿಟ್ಟಿನಲ್ಲಿದ್ದ ಇವಳು ಹೇಳಿದ್ದು ಒಂದೇ ಶಬ್ದ: ‘ಬರೊಡ್ಚಿ.’

ಬರುವುದು ಬೇಡ.

“ಅದನ್ನೇ ಬರೆ.”

“ತುಳುವಿನಲ್ಲಿ ಬರೀಬಹುದಾ?”

“ಬೈದದ್ದು ತುಳುವಿನಲ್ಲಿ ತಾನೇ?”

ಸಂಕಟ ಬಂದಾಗ ಯಾರಾದರೂ ಪುಸ್ತಕದ ಭಾಷೆಯಲ್ಲಿ ಅಳುತ್ತಾರೆಯೇ? ಬರೆಯಲು ಕುಳಿತ ಕೂಡಲೇ ಮಾತ್ರ ನಾವೆಲ್ಲ ಮದುವೆಗೆ ಹೊರಟವರ ಹಾಗೆ ಇಸ್ತ್ರಿ ಅಂಗಿ ಹಾಕಿಕೊಳ್ಳುತ್ತೇವೆ. (ನಾನೂ ಸೇರಿ.)

ಕನ್ನಡ ಅಕ್ಷರದಲ್ಲಿ ಆ ತುಳು ಶಬ್ದ ಬರೆದಳು. ಅದರ ಕೆಳಗೆ ಮತ್ತೆ ಅದೇ. ಮತ್ತೆ ಅದೇ. ಹಾಳೆ ತುಂಬಿದ ಮೇಲೆ ಅಳು ಬಂತು. ಎಂಥ ಅಳು! ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿ ಓಡಿ ಬಂದು ಅವಳನ್ನು ಹಿಡಿದುಕೊಂಡಳು.

“ಹಗುರ ಆಯ್ತಾ?” ಎಂದು ಆಮೇಲೆ ಕೇಳಿದೆ. ಪೆದ್ದು ಪ್ರಶ್ನೆ.

“ಎಂಥ ಹಗುರ ಬಾವ? ಎದೆ ಉರೀತದೆ. ಆದ್ರೆ ನಾಳೆಯೂ ಬರೀಬೇಕು ಅನ್ನಿಸ್ತದೆ.”

ಇದನ್ನು ಪೇಪರಿಗೆ ಹಾಕಲಾ ಎಂದೆ. “ಹಾಕಿ. ಹೆಸರು ಬೇಡ. ನನ್ನ ಹಾಗೆ ಹೇಳಿದವರು ಇನ್ನೂ ಇರಬಹುದು.” ಮೆಟ್ಟಿಲು ಇಳಿದವಳು ತಿರುಗಿ ನಿಂತಳು. “ಅವರು ಹೋಗುವಾಗ ನೋಡಿದವರು ನೀವು. ಊರಿನದ್ದೆಲ್ಲ ಬರೀತೀರಿ. ಅದನ್ನು ಯಾವಾಗ ಬರೆಯುವುದು ಬಾವ?”

ಅವಳು ಹೋದ ಮೇಲೆ ಲೆಕ್ಕ ಹಾಕಿದೆ: ನನ್ನಲ್ಲಿ ಇರುವುದು ಸ್ವಂತ ಮನೆ ಒಂದು, ಪಿಕಪ್ ಎರಡು, ಅಂಕಣ ಇನ್ನೂರರ ಮೇಲೆ. ತಮ್ಮನ ಬಗ್ಗೆ ಇದೊಂದೇ. ಇದರಲ್ಲೂ ಬರೆದವಳು ಅವಳು.