ಬೀಗತನದ ಮಾಸ್ತರ

ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದ ಮಲ್ಲಿಕಾರ್ಜುನನಿಗೆ ಜನ ಇಟ್ಟ ಹೆಸರು 'ಬೀಗತನದ ಮಾಸ್ತರ'. ಅವನು ಹೆಣ್ಣು-ಗಂಡು ಕೂಡಿಸುತ್ತಿರಲಿಲ್ಲ. ಧಾರವಾಡ, ಹುಬ್ಬಳ್ಳಿ ಕಡೆ ಸಾಫ್ಟ್‌ವೇರ್ ಬರೆಯುವವರು ಫೋನ್ ಹಚ್ಚಿ, ಇಂಟರ್ನೆಟ್ಟಿನಲ್ಲಿ ಸಿಗುವ ಸೇವೆಗಳಲ್ಲಿ ಯಾವುದಕ್ಕೆ ಯಾವುದು ಹೊಂದುತ್ತದೆ ಎಂದು ಕೇಳುತ್ತಿದ್ದರು. ನಕ್ಷೆ ಒಂದು ಕಂಪನಿಯದು, ಮೆಸೇಜ್ ಇನ್ನೊಂದರದು. ಒಂದರ ಮಾತು ಇನ್ನೊಂದಕ್ಕೆ ತಿಳಿಯಬೇಕಲ್ಲ. ಇವನು ಎರಡನ್ನೂ ಓಡಿಸಿ ನೋಡಿ, "ಬೀಗತನ ಆಕ್ಕೈತಿ, ಮಾಡ್ರಿ" ಅನ್ನುತ್ತಿದ್ದ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ; ತಾನು ಒಂದೂ ಸುಳ್ಳು ಹೇಳದೆ ಮಾಡಿಸುತ್ತೇನೆ ಎಂದು ಅವನಿಗೆ ಜಂಬ.

೨೦೦೮ರಲ್ಲಿ ಅವನ ಗೆಳೆಯ ಶ್ರೀಶೈಲ ಬಸುರಿ ಹೆಂಗಸರನ್ನು ಹೆರಿಗೆಗೆ ಆಸ್ಪತ್ರೆಗೆ ಒಯ್ಯಲು ಒಂದು ವ್ಯವಸ್ಥೆ ಕಟ್ಟಿದ. ಊರಿನ ಹೆಸರು ಮೆಸೇಜ್ ಮಾಡಿದರೆ ಸಾಕು, ಕಂಪ್ಯೂಟರೇ ಜಾಗ ಹುಡುಕಿ ಹತ್ತಿರದ ಜೀಪಿನವನಿಗೆ ತಿಳಿಸುತ್ತದೆ. ಜಾಗ ಹುಡುಕುವ ಸೇವೆ, ಮೆಸೇಜಿನ ಸೇವೆ ಎರಡನ್ನೂ ಆರಿಸಿಕೊಟ್ಟವನು ಮಲ್ಲಿಕಾರ್ಜುನ. ಕಿತ್ತೂರು, ದೊಡವಾಡ, ರಾಮದುರ್ಗ ಎಂದು ಬಸ್ಸಿನ ಬೋರ್ಡಿನ ಹೆಸರುಗಳನ್ನೆಲ್ಲ ಹಾಕಿ ನೋಡಿದ. ಎಲ್ಲವೂ ಸರಿ ಬಂತು.

ಬೋರ್ಡಿನ ಹಾಗೆ ಯಾರು ಮಾತಾಡುತ್ತಾರೆ? ಎಲ್ಲಮ್ಮನ ಗುಡ್ಡದಲ್ಲಿ ಕಾಯಿ ಮಾರುವ ಹನುಮಪ್ಪ, ಹೆಂಡತಿ ಲಗಮವ್ವನಿಗೆ ಬೇನೆ ಹತ್ತಿದಾಗ, ಇಂಗ್ಲಿಷ್ ಅಕ್ಷರದಲ್ಲಿ 'ಗುಡ್ಡ' ಎಂದಷ್ಟೇ ಕಳಿಸಿದ. ನಮ್ಮ ಸೀಮೆಯಲ್ಲಿ ಗುಡ್ಡ ಅಂದರೆ ಅದೊಂದೇ. ಜಾಗ ಹುಡುಕುವ ಸೇವೆಗೆ ಅದು ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವ ಮರ್ಯಾದೆಯೂ ಅದಕ್ಕಿರಲಿಲ್ಲ. ಹೆಸರಿನಲ್ಲಿ ಗುಡ್ಡವಿರುವ, ರಾಮದುರ್ಗದ ಕಡೆಯ ಯಾವುದೋ ಹಳ್ಳಿಯನ್ನು ತೋರಿಸಿತು. ಜೀಪಿನವನಿಗೆ ಬಂದದ್ದು ಆ ಹಳ್ಳಿಯ ಹೆಸರು ಮಾತ್ರ, ಅವನು ಅಲ್ಲಿಗೇ ಹೋದ. ಹನುಮಪ್ಪನ ಫೋನಿಗೆ 'ಗಾಡಿ ಹೊರಟಿದೆ, ಕಾಯಿರಿ' ಎಂದು ಉತ್ತರ ಬಂತು. ಅದನ್ನು ನಂಬಿ, ಬಾಗಿಲಿಗೆ ಬಂದಿದ್ದ ನೆರೆಯವರ ಟೆಂಪೋವನ್ನು ಅವನೇ ವಾಪಸು ಕಳಿಸಿದ. ಲಗಮವ್ವ ಕೂಸನ್ನು ಹೊಟ್ಟೆಯಲ್ಲಿಟ್ಟುಕೊಂಡೇ ತೀರಿಕೊಂಡಳು.

ಮಣ್ಣಾದ ಮರುದಿನ ಮಲ್ಲಿಕಾರ್ಜುನ ಗುಡ್ಡಕ್ಕೆ ಹೋಗಿ, ಆ ಸೇವೆಯನ್ನು ಆರಿಸಿದವನು ತಾನೇ ಎಂದು ಹೇಳಿದ. ಹೊಡೆಸಿಕೊಳ್ಳಲು ತಯಾರಾಗಿಯೇ ಹೋಗಿದ್ದ. ಯಾರಾದರೂ ನಾಲ್ಕು ಬಡಿದಿದ್ದರೆ ಚೆನ್ನಾಗಿತ್ತು. ಹನುಮಪ್ಪ ಚಾದರ ಹಾಸಿ ಕೂಡಿಸಿ, ಮೆಲ್ಲಗೆ ಕೇಳಿದ:

"ನಾ ಏನಂತ ಬರೀಬೇಕಿತ್ರಿ ಸರ?"

"ನೀವು ಬರ್ದದ್ದು ಬರೋಬ್ಬರಿ ಐತ್ರಿ. ತಪ್ಪ ನಂದು."

ಹನುಮಪ್ಪ ನಂಬಲಿಲ್ಲ. ಓದಿದವರು ದೊಡ್ಡ ಮನಸ್ಸು ಮಾಡಿ ಹಾಗೆ ಹೇಳುತ್ತಾರೆ ಎಂದುಕೊಂಡ.

ಮಾಸ್ತರ ಆಮೇಲೆ ಯಾರಿಗೂ ಏನನ್ನೂ ಆರಿಸಿಕೊಡಲಿಲ್ಲ, ಬರೀ ಟೈಪಿಂಗ್ ಕಲಿಸಿದ. ಅವನ ಮೇಲೆ ನನಗೆ ಸಿಟ್ಟೂ ಇದೆ, ಮರುಕವೂ ಇದೆ. ಸಂಕಟವಾಗುವುದು ಹನುಮಪ್ಪನನ್ನು ನೋಡಿದಾಗ. ಕಾಯಿ ಕೊಳ್ಳುವವರು ಸುಮ್ಮನೆ ಊರು ಯಾವುದು ಎಂದು ಕೇಳಿದರೂ, ಗುಡ್ಡದ ಮೇಲೆಯೇ ನಿಂತು, "ಎಲ್ಲಮ್ಮನ ಗುಡ್ಡ, ಸವದತ್ತಿ ತಾಲೂಕ, ಬೆಳಗಾವಿ ಜಿಲ್ಲಾ" ಎಂದು ಒಂದೊಂದೇ ಬಿಡಿಸಿ ಹೇಳುತ್ತಾನೆ.