ಲೋಟ ಮುಟ್ಟದ ಕಾಫಿ

ಮೊನ್ನೆ ಸ್ಟುಡಿಯೋದ ಬೀರು ಖಾಲಿ ಮಾಡುವಾಗ ಒಂದು ಸಿ.ಡಿ. ಸಿಕ್ಕಿತು. ಮೇಲೆ ನೀಲಿ ಮಾರ್ಕರಿನಲ್ಲಿ ಅಕ್ಕನ ಕೈಬರಹ: ‘ನೀರು ಒಂದು, ನೀರು ಎರಡು’. ಅದನ್ನು ಹಾಕಿ ನೋಡುವ ಕಂಪ್ಯೂಟರ್ ಈಗ ನಮ್ಮಲ್ಲಿಲ್ಲ. ಎಸೆಯಲೂ ಆಗದೆ, ಆ ದಿನವೆಲ್ಲ ಅದನ್ನು ಒಂದು ಮೇಜಿನಿಂದ ಇನ್ನೊಂದಕ್ಕೆ ಎತ್ತಿಡುತ್ತ ಓಡಾಡಿದೆ...

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಸಕಲೇಶಪುರದ ಈ ಸ್ಟುಡಿಯೋದಲ್ಲಿ ನಾನು ಮದುವೆ ವಿಡಿಯೋಗಳನ್ನು ಎಡಿಟ್ ಮಾಡುತ್ತಿದ್ದೆ. ಪಕ್ಕದ ಕುರ್ಚಿಯಲ್ಲಿ ಅಕ್ಕ, ಅನಿಮೇಷನ್ ಕೆಲಸಕ್ಕೆ. ಒಡಹುಟ್ಟಿದವಳಲ್ಲ, ಹೆಗ್ಗದ್ದೆ ಕಡೆಯಿಂದ ದಿನಾ ಬಸ್ಸಿಗೆ ಬರುತ್ತಿದ್ದಳು. ಕೂತಲ್ಲಿ ಕೂರುವವಳಲ್ಲ.

ಹೈದರಾಬಾದಿನ ಅನಿಮೇಷನ್ ಕಂಪನಿಯೊಂದು ನೀರೋ ನೀರಿನಂಥದ್ದೋ ಹರಿಯುವ ದೃಶ್ಯ ಮಾಡಿ ಕಳಿಸಿದರೆ ಕೆಲಸ ಕೊಡುವುದಾಗಿ ಅವಳಿಗೆ ಹೇಳಿತ್ತು. ಅಕ್ಕ ಚೊಂಬಿನಿಂದ ಲೋಟಕ್ಕೆ ಕಾಫಿ ಸುರಿಯುವುದನ್ನು ಆರಿಸಿಕೊಂಡಳು. ಎರಡು ಸಾಫ್ಟ್‌ವೇರ್‌ಗಳಲ್ಲಿ ಅದನ್ನೇ ಮಾಡಿ ನೋಡಿದಳು. ಒಂದು, ಕಾಫಿಯನ್ನು ಬರೀ ಹನಿಗಳ ರಾಶಿ ಎಂದುಕೊಳ್ಳುತ್ತಿತ್ತು. ಕೆಲಸ ಬೇಗ, ಆದರೆ ಲೋಟದೊಳಗೆ ಗೋಲಿ ಉರುಳಿದಂತೆ ಕಾಣುತ್ತಿತ್ತು. ಇನ್ನೊಂದು, ಜಾಗವನ್ನೆಲ್ಲ ಸಣ್ಣ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದಲ್ಲೂ ಕಾಫಿ ಎತ್ತ ಹರಿಯುತ್ತದೆಂದು ಲೆಕ್ಕ ಹಾಕುತ್ತಿತ್ತು. ಅದರ ಧಾರೆ ನಿಜವಾದ ಕಾಫಿಯಂತೆ ಬಳುಕುತ್ತಿತ್ತು. ಆದರೆ ಕಣ್ಣು ಮಿಟುಕಿಸುವಷ್ಟು ದೃಶ್ಯಕ್ಕೆ ಇಡೀ ದಿನ ಬೇಕು. ನಡುವೆ ಕರೆಂಟ್ ಹೋದರೆ ಅಲ್ಲಿಯವರೆಗಿನದು ಉಳಿಯುತ್ತಿತ್ತು, ಮುಂದುವರಿಸಲು ಮಾತ್ರ ಬರುತ್ತಿರಲಿಲ್ಲ, ಮತ್ತೆ ಮೊದಲಿಂದ. ಕರೆಂಟ್ ಹೋಗದ ದಿನ ಯಾವುದಿತ್ತು? ಯು.ಪಿ.ಎಸ್. ಕೂಗಿದೊಡನೆ ಅಕ್ಕ ಎದ್ದು ಬಾಗಿಲಿಗೂ ಮೇಜಿಗೂ ತಿರುಗುತ್ತಿದ್ದಳು. ನನಗೂ ಕೆಲಸ ಸಾಗುತ್ತಿರಲಿಲ್ಲ.

“ಬೇಗ ಆಗಿದ್ದನ್ನೇ ಕಳ್ಸಕ್ಕಾ, ಯಾರಿಗ್ ಗೊತ್ತಾಯ್ತದೆ?” ಅಂದೆ.

“ಎಲ್ರಿಗೂ ಗೊತ್ತಾಯ್ತದೆ ಕಣೇ. ದಿನಾ ಕುಡಿಯೋದಲ್ವಾ?” ಎಂದಳು.

ಕಳಿಸಬೇಕಾದ ದಿನ ಮಧ್ಯಾಹ್ನವೂ ಕರೆಂಟ್ ಹೋಯಿತು. ಕಾಫಿ ಚೊಂಬಿನಿಂದ ಇಳಿದು ಲೋಟದ ಬಾಯಿಯವರೆಗೆ ಬಂದಿತ್ತು, ಅಷ್ಟೇ. ಪೂರ್ತಿಯಾಗಿದ್ದ ಹನಿಗಳ ಕಾಫಿಯನ್ನು ಬಿಟ್ಟು ಅಕ್ಕ ಆ ಅರ್ಧವನ್ನೇ ಕೊರಿಯರ್ ಮಾಡಿದಳು. ನನಗೆ ಸಿಟ್ಟು ಬಂತು. ಆದರೆ ಕಂಪನಿಯವರು ಅವಳನ್ನು ಕರೆದರು. ಹೋದಳು.

ಮೊದಮೊದಲು ಭಾನುವಾರ ಫೋನ್ ಮಾಡುತ್ತಿದ್ದಳು. “ಇಲ್ಲಿ ಕರೆಂಟೇ ಹೋಗಲ್ಲ ಕಣೇ, ಕೈಕಾಲು ಆಡ್ಸಕ್ಕೂ ಪುರುಸೊತ್ತಿಲ್ಲ,” ಎಂದು ನಗುತ್ತಿದ್ದಳು. ಆಮೇಲೆ ಫೋನು ಕಡಿಮೆಯಾಯಿತು...

ಒಂದು ಬೆಳಿಗ್ಗೆ ಅವಳ ಅಣ್ಣ ಬಂದು ಅವಳದೊಂದು ಪಾಸ್‌ಪೋರ್ಟ್ ಸೈಜಿನ ಫೋಟೋ ನನ್ನ ಮುಂದಿಟ್ಟರು.

“ದೊಡ್ಡದು ಮಾಡಿ ಫ್ರೇಮ್ ಹಾಕ್ಕೊಡಮ್ಮ.”

ನಾನು ಫೋಟೋ ಕೈಗೆ ತೆಗೆದುಕೊಂಡು ಏನಾಯಿತೆಂದು ಕೇಳಿದೆ.

“ಜಾಂಡೀಸು. ನಮ್ಗೆ ಗೊತ್ತಾಗೋ ಹೊತ್ಗೆ ಎಲ್ಲಾ ಮುಗ್ದೋಗ್ಬುಟ್ಟಿತ್ತು.”

ಫೋಟೋ ದೊಡ್ಡದಾದಂತೆ ಅವಳ ಕಣ್ಣಿನ ಹತ್ತಿರ ಚುಕ್ಕಿ ಚುಕ್ಕಿಯಾಗಿ ಒಡೆಯುತ್ತಿತ್ತು. ಸರಿಮಾಡುತ್ತ ಮಧ್ಯಾಹ್ನವಾಯಿತು. ಅಣ್ಣ ಬೆಂಚಿನ ಮೇಲೆ ಕಾಯುತ್ತಲೇ ಇದ್ದರು.

ನಿನ್ನೆ ಕಾಫಿಪುಡಿ ಅಂಗಡಿಯೊಂದರ ಜಾಹೀರಾತಿಗೆ ಕಾಫಿ ಸುರಿಯುವ ದೃಶ್ಯ ಬೇಕಿತ್ತು. ಅಕ್ಕನಂತೆ ಹನಿಗಳಲ್ಲೊಮ್ಮೆ, ಚೌಕಗಳಲ್ಲೊಮ್ಮೆ, ಎರಡು ಬಗೆಯಲ್ಲಿ ಮಾಡಿದೆ. ಹೊರಗೆ ಹೋಗಿ ಬರುವಷ್ಟರಲ್ಲಿ ಎರಡೂ ಮುಗಿದಿದ್ದವು. ಅಂಗಡಿಯವರಿಗೆ ತೋರಿಸಿದೆ.

“ಎರಡೂ ಒಂದೇ ಥರ ಐತಲ್ಲ ಮೇಡಂ,” ಎಂದರು.

ಒಂದೇ ಥರ ಇರಲಿಲ್ಲ. ಮತ್ತೆ ಮತ್ತೆ ಓಡಿಸಿದೆ. ಎಲ್ಲಿ ಬೇರೆ ಎಂದು ಬೆರಳಿಟ್ಟು ತೋರಿಸಲು ನನಗೆ ಬರಲಿಲ್ಲ. ತೋರಿಸಬಲ್ಲವಳು ಈಗಿಲ್ಲ.